ಅಣುಬಾಂಬ್ ಇಲ್ಲದ ದೇಶಕ್ಕೆ ದೂರಗಾಮಿ ಕ್ಷಿಪಣಿ ಏಕೆ ಬೇಕು?

ಪ್ರಶ್ನೆ: ಯಾವುದಾದರೂ ದೇಶ ದೂರಗಾಮಿ ಬ್ಯಾಲಿಸ್ಟಿಕ್ ಕ್ಷಿಪಣಿ (ರಾಕೆಟ್ ಬಲದಿಂದ ಮೇಲೇರಿ, ಎಸೆದ ಕಲ್ಲಿನಂತೆ ಬಾಗಿದ ಹಾದಿಯಲ್ಲಿ ಗುರಿಯ ಮೇಲೆ ಬೀಳುವ ಕ್ಷಿಪಣಿ) ಪರೀಕ್ಷಿಸಿದ ತಕ್ಷಣ ಟಿ.ವಿ. ಚರ್ಚೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಅಣುಬಾಂಬ್ ಮಾಡುವ ಉದ್ದೇಶ ಇಲ್ಲದವರು ಇಂಥ ಕ್ಷಿಪಣಿಗೆ ಕೈ ಹಾಕುವುದಿಲ್ಲ, ಒಂದು ಟನ್ ಸ್ಫೋಟಕವನ್ನು ಸಾವಿರಾರು ಕಿಲೋಮೀಟರ್ ಆಚೆ ಎಸೆಯಲು ಯಾರೂ ಅಷ್ಟು ಹಣ ಸುರಿಯುವುದಿಲ್ಲ. ಇದು ನಿಜವೇ? ಅಣ್ವಸ್ತ್ರವಿಲ್ಲದ ದೇಶಕ್ಕೆ ಇವುಗಳಿಂದ ಏನು ಪ್ರಯೋಜನ? ಇವನ್ನು ತಡೆಯುವ ಅಂತರರಾಷ್ಟ್ರೀಯ ಕಾನೂನು ಇದೆಯೇ?

ಉತ್ತರ: ಆ ವಾದವನ್ನು ತಳ್ಳಿಹಾಕುವ ಮೊದಲು ಅದರ ಹಿಂದಿರುವ ಲೆಕ್ಕವನ್ನು ನೋಡಬೇಕು. ಲೆಕ್ಕ ಪೊಳ್ಳಲ್ಲ. 1980ರ ದಶಕದಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಬಹುತೇಕ ತಜ್ಞರು ಹೌದು ಎಂದೇ ಹೇಳುತ್ತಿದ್ದರು. ಇಂದು ಹಾಗೆ ಹೇಳಲಾಗದು. ಈ ನಡುವೆ ಕ್ಷಿಪಣಿಗಳು ಹೋಗಬೇಕಾದ ದೂರ ಹೆಚ್ಚೇನೂ ಬದಲಾಗಿಲ್ಲ, ಅವು ಬೀಳುವ ಜಾಗದ ನಿಖರತೆ ಬದಲಾಗಿದೆ.

ಒಂದೇ ಗುರಿಯತ್ತ ಹಲವು ಕ್ಷಿಪಣಿಗಳನ್ನು ಹಾರಿಸಿದರೆ ಅವುಗಳಲ್ಲಿ ಅರ್ಧದಷ್ಟು, ಗುರಿಯ ಸುತ್ತ ಎಷ್ಟು ಮೀಟರ್ ತ್ರಿಜ್ಯದ ವೃತ್ತದೊಳಗೆ ಬೀಳುತ್ತವೆ ಎನ್ನುವುದೇ ನಿಖರತೆಯ ಅಳತೆ. ಈ ಅಳತೆಯನ್ನು ಸಿಇಪಿ ಎನ್ನುತ್ತಾರೆ. ಒಂದು ಟನ್ ಸ್ಫೋಟಕ ಹೊತ್ತ ಸಿಡಿತಲೆ ಒಂದು ಗಟ್ಟಿ ಕಟ್ಟಡವನ್ನು ಕೆಡವಲು ಅದರಿಂದ 50 ಮೀಟರ್ ಒಳಗೆ ಬೀಳಬೇಕು ಎಂದಿಟ್ಟುಕೊಳ್ಳೋಣ. ಸಿಇಪಿ 1,000 ಮೀಟರ್ ಇರುವ ಕ್ಷಿಪಣಿ ಅಲ್ಲಿಗೆ ಬೀಳುವ ಸಂಭವ ಶೇ 0.2ಕ್ಕೂ ಕಡಿಮೆ. ಗುರಿ ನಾಶವಾಗುವ ಸಂಭವವನ್ನು ಶೇ 50ಕ್ಕೆ ತರಬೇಕಾದರೆ ಸುಮಾರು 400 ಕ್ಷಿಪಣಿಗಳು ಬೇಕು. ಸಿಇಪಿ 100 ಮೀಟರಿಗೆ ಇಳಿದರೆ ಅದೇ ಕೆಲಸಕ್ಕೆ ನಾಲ್ಕು ಸಾಕು. 50 ಮೀಟರಿಗೆ ಇಳಿದರೆ ಒಂದೇ ಸಾಕು. ದೋಷ ಹತ್ತು ಪಟ್ಟು ಕಡಿಮೆಯಾದಾಗ ಬೇಕಾಗುವ ಕ್ಷಿಪಣಿಗಳ ಸಂಖ್ಯೆ ನೂರು ಪಟ್ಟು ಇಳಿಯುತ್ತದೆ. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಕ್ಷಿಪಣಿಗಳ ಕುರಿತ ಸುದ್ದಿಗಳಲ್ಲಿ ಬಹುಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಅಣ್ವಸ್ತ್ರದ ಸಂಗತಿ ಬೇರೆ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು 15,000 ಟನ್ ಟಿಎನ್‌ಟಿಗೆ ಸಮ. ಅಂಥದ್ದು ಒಂದು ಕಿಲೋಮೀಟರ್ ಪಕ್ಕಕ್ಕೆ ಸರಿದು ಬಿದ್ದರೂ ನಗರದ ಗತಿ ಬದಲಾಗುವುದಿಲ್ಲ. ಕ್ಷಿಪಣಿಗಳು ಕಿಲೋಮೀಟರ್‌ಗಟ್ಟಲೆ ಗುರಿ ತಪ್ಪುತ್ತಿದ್ದ ಕಾಲದಲ್ಲಿ ಅವು ಅಣುಬಾಂಬಿಗೆ ಮಾತ್ರ ತಕ್ಕ ವಾಹನ ಎಂಬ ನಿಲುವು ಹುಟ್ಟಿದ್ದು ಹೀಗೆ. ಆ ನಿಲುವಿಗೆ ಇತಿಹಾಸದ ಬೆಂಬಲವೂ ಇತ್ತು. 1944ರ ಸೆಪ್ಟೆಂಬರ್‌ನಿಂದ ಜರ್ಮನಿ ಲಂಡನ್, ಆಂಟ್‌ವರ್ಪ್ ಮೊದಲಾದ ನಗರಗಳತ್ತ ಸುಮಾರು 3,000 ವಿ-2 ಕ್ಷಿಪಣಿಗಳನ್ನು ಹಾರಿಸಿತು. ಒಂದೊಂದರಲ್ಲಿ ಸುಮಾರು ಒಂದು ಟನ್ನಿನ ಸಿಡಿತಲೆ. ಸಾವಿರಾರು ಜನ ಸತ್ತರು, ಯುದ್ಧದ ಗತಿ ಮಾತ್ರ ಕದಲಲಿಲ್ಲ. ಆ ಕ್ಷಿಪಣಿಯನ್ನು ತಯಾರಿಸಲು ಸುರಂಗ ಕಾರ್ಖಾನೆಯಲ್ಲಿ ದುಡಿಸಿ ಕೊಲ್ಲಲಾದ ಬಂದಿಗಳ ಸಂಖ್ಯೆ, ಅದು ಬಿದ್ದು ಸತ್ತವರ ಸಂಖ್ಯೆಗಿಂತ ದೊಡ್ಡದು. ಆಯುಧಗಳ ಚರಿತ್ರೆಯಲ್ಲಿ ಇಷ್ಟು ಕರಾಳವಾದ ಲೆಕ್ಕ ಇನ್ನೊಂದು ಸಿಗುವುದು ಕಷ್ಟ.

ಹಾಗಾದರೆ ಅಣ್ವಸ್ತ್ರವಿಲ್ಲದ ದೇಶಗಳು ಇದರ ಬೆನ್ನು ಬಿದ್ದದ್ದೇಕೆ? ಇರಾನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಳಿದ ಹಲವು ದೇಶಗಳ ಮನಸ್ಸು ಅದರಿಂದಲೇ ಅರ್ಥವಾಗುತ್ತದೆ.

ಇರಾನ್ ಮತ್ತು ಇರಾಕ್ ನಡುವಿನ ಯುದ್ಧ 1980ರಲ್ಲಿ ಆರಂಭವಾಯಿತು. ಇರಾಕ್ ಬಳಿ ಸೋವಿಯತ್ ಒಕ್ಕೂಟದಿಂದ ಕೊಂಡ ಸ್ಕಡ್ ಕ್ಷಿಪಣಿಗಳಿದ್ದವು. ಅವುಗಳ ವ್ಯಾಪ್ತಿ 300 ಕಿಲೋಮೀಟರ್. ಅವು ಟೆಹರಾನ್ ತಲುಪುತ್ತಿರಲಿಲ್ಲ. ಇರಾಕಿ ಎಂಜಿನಿಯರುಗಳು ಸಿಡಿತಲೆಯ ತೂಕ ಇಳಿಸಿ, ಇಂಧನ ಹೆಚ್ಚಿಸಿ, ವ್ಯಾಪ್ತಿಯನ್ನು 600 ಕಿಲೋಮೀಟರ್ ದಾಟಿಸಿದರು. ಅಲ್ ಹುಸೇನ್ ಎಂದು ಹೆಸರು ಪಡೆದ ಆ ಕ್ಷಿಪಣಿಗಳು 1988ರ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಸುಮಾರು 190ರಷ್ಟು ಸಂಖ್ಯೆಯಲ್ಲಿ ಟೆಹರಾನ್ ಹಾಗೂ ಇತರ ನಗರಗಳ ಮೇಲೆ ಬಿದ್ದವು. ಯಾವ ಕಟ್ಟಡಕ್ಕೆ ಬೀಳುತ್ತದೆ ಎಂದು ಹಾರಿಸಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಲಕ್ಷಗಟ್ಟಲೆ ಜನ ರಾಜಧಾನಿಯನ್ನು ಬಿಟ್ಟು ಹೋದರು. ಅದೇ ವರ್ಷದ ಬೇಸಿಗೆಯಲ್ಲಿ ಇರಾನ್ ಕದನವಿರಾಮಕ್ಕೆ ಒಪ್ಪಿತು. ಅದಕ್ಕೆ ರಣರಂಗದ ಸೋಲುಗಳೂ ಆರ್ಥಿಕ ದಣಿವೂ ಕಾರಣವಾಗಿದ್ದವು. ಆದರೂ ನಗರಗಳ ಮೇಲೆ ಬಿದ್ದ ಕ್ಷಿಪಣಿಗಳ ಪೆಟ್ಟು ಆ ತಲೆಮಾರಿನ ಸೇನಾಧಿಕಾರಿಗಳ ಮನಸ್ಸಿನಿಂದ ಅಳಿಯಲಿಲ್ಲ.

ಇರಾನಿಗೆ ತಿರುಗಿ ಹೊಡೆಯಲು ಏನಿತ್ತು? ಹಿಂದಿನ ದೊರೆ ಶಾ ಅವರ ಆಳ್ವಿಕೆಯಲ್ಲಿ ಅಮೆರಿಕದಿಂದ ಕೊಂಡ ಎಫ್-14, ಎಫ್-4 ವಿಮಾನಗಳಿದ್ದವು. 1979ರ ಕ್ರಾಂತಿಯ ನಂತರ ಬಿಡಿಭಾಗಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಒಂದು ವಿಮಾನವನ್ನು ಹಾರಿಸಲು ಇನ್ನೊಂದನ್ನು ಬಿಚ್ಚಬೇಕಾದ ಸ್ಥಿತಿ. ಲಿಬಿಯಾದಿಂದ, ಆಮೇಲೆ ಉತ್ತರ ಕೊರಿಯಾದಿಂದ ಒಂದಿಷ್ಟು ಸ್ಕಡ್ ಕ್ಷಿಪಣಿಗಳನ್ನು ತರಿಸಿಕೊಂಡರು, ಇರಾಕಿನ ಮಳೆಗೆ ಅವು ಸಾಟಿಯಾಗಲಿಲ್ಲ. ಅಲ್ಲಿಂದ ಹುಟ್ಟಿದ ತೀರ್ಮಾನ ಸರಳವಾಗಿತ್ತು: ಯಾರೂ ವಿಮಾನ ಮಾರುವುದಿಲ್ಲ, ಮಾರಿದರೂ ನಡುವೆ ಕೈಬಿಡುತ್ತಾರೆ, ಆದ್ದರಿಂದ ದೂರಕ್ಕೆ ಹೊಡೆಯುವ ಆಯುಧವನ್ನು ನಾವೇ ಮಾಡಿಕೊಳ್ಳಬೇಕು. ಇಂದಿನ ಇರಾನಿ ಕ್ಷಿಪಣಿಗಳಲ್ಲಿ ಹಲವು ಉತ್ತರ ಕೊರಿಯಾದ ನೊಡಾಂಗ್‌ನಿಂದ ಬೆಳೆದ ಶಹಾಬ್-3ರ ವಂಶದವು. ಘನ ಇಂಧನದ ಸೆಜ್ಜಿಲ್‌ನಂಥವು ಅವರದೇ ವಿನ್ಯಾಸ.

ವಾಯುಪಡೆಯ ಬದಲಿಗೆ ಕ್ಷಿಪಣಿ: ಅಣ್ವಸ್ತ್ರವಿಲ್ಲದ ದೇಶದ ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಯುದ್ಧವಿಮಾನ ಕೊಂಡರೆ ಸಾಲದು. ವರ್ಷಗಟ್ಟಲೆ ತರಬೇತಾದ ಪೈಲಟ್‌ಗಳು, ಆಕಾಶದಲ್ಲೇ ಇಂಧನ ತುಂಬುವ ವಿಮಾನಗಳು, ಮುನ್ಸೂಚನೆಯ ರೇಡಾರ್ ವಿಮಾನಗಳು, ದಾಸ್ತಾನು, ನಿರ್ವಹಣೆ ಎಲ್ಲವೂ ಬೇಕು. ರನ್‌ವೇ ಎಲ್ಲಿದೆ ಎನ್ನುವುದು ಶತ್ರುವಿಗೆ ಮೊದಲೇ ಗೊತ್ತು, ಯುದ್ಧದ ಮೊದಲ ಬೆಳಗ್ಗೆಯೇ ಅಲ್ಲಿ ಬಾಂಬ್ ಬೀಳುತ್ತದೆ. ಕ್ಷಿಪಣಿಗೆ ಒಂದು ಭಾರೀ ಟ್ರಕ್ಕು, ತರಬೇತಾದ ಸಣ್ಣ ತಂಡ, ಅಡಗಲು ಒಂದು ಸುರಂಗ ಸಾಕು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ಮತ್ತು ಮಿತ್ರದೇಶಗಳ ವಿಮಾನಗಳು ಇರಾಕಿನ ಮರುಭೂಮಿಯಲ್ಲಿ ಸ್ಕಡ್ ವಾಹನಗಳಿಗಾಗಿ ವಾರಗಟ್ಟಲೆ ಹುಡುಕಾಡಿದವು. ಆಕಾಶ ಪೂರ್ತಿ ಅವರ ಹಿಡಿತದಲ್ಲಿತ್ತು. ಹಾಗಿದ್ದೂ ಒಂದೇ ಒಂದು ಸಂಚಾರಿ ಉಡಾವಣಾ ವಾಹನ ನಾಶವಾದದ್ದು ಯುದ್ಧಾನಂತರ ಖಚಿತಪಡಲಿಲ್ಲ.

ವೇಗ ಇನ್ನೊಂದು ಅನುಕೂಲ. 1,000 ಕಿಲೋಮೀಟರ್ ವ್ಯಾಪ್ತಿಯ ಬ್ಯಾಲಿಸ್ಟಿಕ್ ಕ್ಷಿಪಣಿ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗ ಗಳಿಸಿ ಹತ್ತು ನಿಮಿಷಗಳ ಆಸುಪಾಸಿನಲ್ಲಿ ಗುರಿ ಮುಟ್ಟುತ್ತದೆ. ಅದನ್ನು ತಡೆಯಲು ಅತ್ಯಂತ ದುಬಾರಿ ಪ್ರತಿಬಂಧಕ ಕ್ಷಿಪಣಿಗಳು ಬೇಕು. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಹೊಸ ಪ್ರತಿಬಂಧಕ ಒಂದರ ಬೆಲೆಯೇ ಸುಮಾರು 40 ಲಕ್ಷ ಡಾಲರ್. ಒಂದು ದಾಳಿ ಕ್ಷಿಪಣಿಗೆ ಎರಡು ಪ್ರತಿಬಂಧಕಗಳನ್ನು ಹಾರಿಸುವುದು ಸಾಮಾನ್ಯ ರೂಢಿ. ಅವುಗಳ ದಾಸ್ತಾನು ದಾಳಿ ಕ್ಷಿಪಣಿಗಳ ದಾಸ್ತಾನಿಗಿಂತ ಮೊದಲೇ ಖಾಲಿಯಾದರೆ ರಕ್ಷಣೆ ಕುಸಿಯುತ್ತದೆ.

ಹಾಗೆಂದು ಕ್ಷಿಪಣಿ ಅಗ್ಗ ಎಂದು ತಿಳಿಯಬಾರದು. ವಿಮಾನ ನೂರಾರು ಬಾರಿ ಹೋಗಿ ಬರುತ್ತದೆ, ಪ್ರತಿ ಬಾರಿಯೂ ಕೆಲವು ಟನ್ ಬಾಂಬ್ ಹೊರುತ್ತದೆ. ಕ್ಷಿಪಣಿ ಒಮ್ಮೆ ಹಾರಿದರೆ ಮುಗಿಯಿತು. ಆಕಾಶದಲ್ಲಿ ಹಿಡಿತ ಸಾಧಿಸಬಲ್ಲ ದೇಶಕ್ಕೆ ಒಂದು ಟನ್ ಸ್ಫೋಟಕ ತಲುಪಿಸಲು ವಿಮಾನವೇ ಅಗ್ಗ. ವಾಯುಪಡೆಯಲ್ಲಿ ಹಿಂದುಳಿದ, ಇಲ್ಲವೇ ಮೊದಲ ದಿನವೇ ತನ್ನ ವಾಯುನೆಲೆಗಳು ಹೋಗುತ್ತವೆ ಎಂದು ಹೆದರುವ ದೇಶಕ್ಕೆ ಮಾತ್ರ ಕ್ಷಿಪಣಿಯ ಲೆಕ್ಕ ಕೂಡಿಬರುತ್ತದೆ.

ಇರಾನಿನ ಉದಾಹರಣೆ ಕೊಟ್ಟಾಗಲೆಲ್ಲ, ಅವರ ಅಣು ಕಾರ್ಯಕ್ರಮದ ಮೇಲೆಯೇ ಅನುಮಾನ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಅನುಮಾನದ ನೆರಳು ಕಡಿಮೆ ಇರುವ ಒಂದು ದೇಶವನ್ನು ನೋಡಿ: ದಕ್ಷಿಣ ಕೊರಿಯಾ.

ದಕ್ಷಿಣ ಕೊರಿಯಾ 1975ರಿಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಸದಸ್ಯ. ಅಮೆರಿಕದ ಅಣ್ವಸ್ತ್ರ ರಕ್ಷಣೆಯ ಭರವಸೆ ಅದಕ್ಕಿದೆ, ಆಧುನಿಕ ವಾಯುಪಡೆಯೂ ಇದೆ. ಇಷ್ಟಿದ್ದೂ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದೆ. 1970ರ ದಶಕದಲ್ಲಿ ಪಾರ್ಕ್ ಚುಂಗ್-ಹೀ ಅಧ್ಯಕ್ಷರಾಗಿದ್ದಾಗ ಅಲ್ಲಿ ಗುಟ್ಟಾಗಿ ಅಣ್ವಸ್ತ್ರದ ಯತ್ನವೂ ನಡೆದಿತ್ತು. 1978ರಲ್ಲಿ ಮೊದಲ ಬ್ಯಾಲಿಸ್ಟಿಕ್ ಕ್ಷಿಪಣಿ ಹಾರಿತು. ಆತಂಕಗೊಂಡ ಅಮೆರಿಕ 1979ರಲ್ಲಿ ಕ್ಷಿಪಣಿಯ ವ್ಯಾಪ್ತಿಗೆ 180 ಕಿಲೋಮೀಟರ್ ಎಂಬ ಮಿತಿ ಹಾಕಿಸಿತು. ಆ ಮಿತಿ 2001ರಲ್ಲಿ 300 ಕಿಲೋಮೀಟರಿಗೆ, 2012ರಲ್ಲಿ 800 ಕಿಲೋಮೀಟರಿಗೆ ಏರಿತು. 2017ರಲ್ಲಿ ಸಿಡಿತಲೆಯ ತೂಕದ ಮಿತಿ ಹೋಯಿತು, 2021ರ ಮೇ ತಿಂಗಳಲ್ಲಿ ಉಳಿದದ್ದೂ ಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಜಲಾಂತರ್ಗಾಮಿಯಿಂದ ಬ್ಯಾಲಿಸ್ಟಿಕ್ ಕ್ಷಿಪಣಿ ಹಾರಿಸಿ ತೋರಿಸಿತು. ಅಣ್ವಸ್ತ್ರವಿಲ್ಲದೆ ಆ ಸಾಮರ್ಥ್ಯ ಗಳಿಸಿದ ದೇಶ ಬೇರೊಂದಿಲ್ಲ. 2024ರ ಅಕ್ಟೋಬರ್‌ನ ಸೇನಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಹ್ಯುನ್‌ಮೂ-5 ಸುಮಾರು 8 ಟನ್ ತೂಕದ ಸಾಂಪ್ರದಾಯಿಕ, ಅಂದರೆ ಅಣ್ವಸ್ತ್ರವಲ್ಲದ, ಸಿಡಿತಲೆ ಹೊರುತ್ತದೆ ಎನ್ನಲಾಗಿದೆ.

ಎಂಟು ಟನ್ ಏಕೆ? ಉತ್ತರ ಕೊರಿಯಾದ ನಾಯಕತ್ವವೂ ಕ್ಷಿಪಣಿಗಳೂ ನೆಲದಾಳದ ಬಂಕರುಗಳಲ್ಲಿ, ಬೆಟ್ಟಗಳೊಳಗಿನ ಸುರಂಗಗಳಲ್ಲಿವೆ. ವಾತಾವರಣದಾಚೆಯಿಂದ ಭಾರಿ ವೇಗದಲ್ಲಿ ಇಳಿಯುವ ತೂಕದ ಸಿಡಿತಲೆ ನೆಲವನ್ನು ಕೊರೆದು ಒಳಹೋಗಿ ಸಿಡಿಯಬಲ್ಲದು. ಇಲ್ಲಿ ವೇಗವೇ ಅರ್ಧ ಆಯುಧ: ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿರುವ ಒಂದು ಕಿಲೋ ಲೋಹದ ಚಲನಶಕ್ತಿ ಒಂದು ಕಿಲೋ ಟಿಎನ್‌ಟಿಯ ಸ್ಫೋಟಶಕ್ತಿಗೆ ಹೆಚ್ಚುಕಡಿಮೆ ಸಮ. ಕೆಳಗಿನ ಗಾಳಿಯಲ್ಲಿ ಆ ವೇಗದ ಒಂದು ಪಾಲು ಕಳೆದುಹೋಗುತ್ತದೆ, ಉಳಿದದ್ದೂ ಕಡಿಮೆಯೇನಲ್ಲ. ನಮ್ಮ ಮೇಲೆ ಅಣ್ವಸ್ತ್ರ ಹಾರಿಸಲು ಸಿದ್ಧರಾದರೆ ಆದೇಶ ಕೊಡುವವರನ್ನೇ ಮೊದಲು ಹೊಡೆಯುತ್ತೇವೆ ಎಂಬುದು ದಕ್ಷಿಣ ಕೊರಿಯಾದ ಬೆದರಿಕೆ. ಇದು ನನಗೆ ಭಯ ಹುಟ್ಟಿಸುವ ತಂತ್ರ. ತನ್ನನ್ನೇ ಮೊದಲು ಕೊಲ್ಲುತ್ತಾರೆ ಎಂದುಕೊಂಡ ನಾಯಕ ಬಿಕ್ಕಟ್ಟಿನ ಗಳಿಗೆಯಲ್ಲಿ ಇನ್ನೂ ಬೇಗ ಗುಂಡಿ ಒತ್ತುತ್ತಾನೆ. ಆದರೆ ಅದು ಸಾಂಪ್ರದಾಯಿಕ ಕ್ಷಿಪಣಿಯ ಸುತ್ತಲೇ ಕಟ್ಟಿದ ಪೂರ್ಣ ಯುದ್ಧತಂತ್ರ ಎಂಬುದರಲ್ಲಿ ಸಂಶಯವಿಲ್ಲ. ಅಣುಬಾಂಬ್ ಇಲ್ಲದೆ ಈ ಕ್ಷಿಪಣಿಗೆ ಅರ್ಥವಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆ ಸೌದಿ ಅರೇಬಿಯಾ. 1980ರ ದಶಕದ ಕೊನೆಯಲ್ಲಿ ಅದು ಚೀನಾದಿಂದ ಡಿಎಫ್-3 ಕ್ಷಿಪಣಿಗಳನ್ನು ಗುಟ್ಟಾಗಿ ಕೊಂಡಿತು. ವ್ಯಾಪ್ತಿ 2,500 ಕಿಲೋಮೀಟರಿಗೂ ಹೆಚ್ಚು, ಮೂಲ ವಿನ್ಯಾಸ ಅಣ್ವಸ್ತ್ರಕ್ಕಾಗಿ. ಸೌದಿಗೆ ಕೊಟ್ಟದ್ದು ಸಾಂಪ್ರದಾಯಿಕ ಸಿಡಿತಲೆಯೊಂದಿಗೆ. ಅದರ ನಿಖರತೆ ಎಷ್ಟು ಕಡಿಮೆಯೆಂದರೆ ನಗರಕ್ಕಿಂತ ಚಿಕ್ಕ ಗುರಿಗೆ ಅದು ಉಪಯೋಗವಿಲ್ಲ. 1988ರಲ್ಲಿ ವಿಷಯ ಹೊರಬಿದ್ದು ಅಮೆರಿಕದೊಂದಿಗೆ ಬಿಕ್ಕಟ್ಟು ತಲೆದೋರಿತು. ಅದೇ ವರ್ಷ ಸೌದಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿತು. 1991ರಲ್ಲಿ ಇರಾಕ್ ಸೌದಿ ನಗರಗಳ ಮೇಲೆ ಸ್ಕಡ್ ಹಾರಿಸಿದಾಗಲೂ ಸೌದಿ ಈ ಕ್ಷಿಪಣಿಯನ್ನು ಬಳಸಲಿಲ್ಲ. ಬಳಸಿದ್ದರೆ ಸಾಯುತ್ತಿದ್ದವರು ಇರಾಕಿನ ಸಾಮಾನ್ಯ ಜನ. 2014ರಲ್ಲಿ ಮೊದಲ ಬಾರಿಗೆ ಅವನ್ನು ಬಹಿರಂಗ ಮೆರವಣಿಗೆಯಲ್ಲಿ ತೋರಿಸಿದರು. ಹಾಗಾದರೆ ಅವುಗಳ ಕೆಲಸವೇನು? ನಿಮ್ಮ ರಾಜಧಾನಿಯೂ ನಮ್ಮ ಕೈಗೆಟಕುವ ದೂರದಲ್ಲಿದೆ ಎಂದು ಟೆಹರಾನಿಗೆ ತಿಳಿಸುವುದು. ಇಂಥ ಕ್ಷಿಪಣಿ ಇರುವುದೇ ಅದರ ಬಳಕೆ.

ರಾಸಾಯನಿಕ ಅಸ್ತ್ರದ ವಿಚಾರವನ್ನೂ ಹೇಳಬೇಕು. ಇರಾಕ್ ತನ್ನ ಅಲ್ ಹುಸೇನ್ ಕ್ಷಿಪಣಿಗಳಿಗೆ ರಾಸಾಯನಿಕ ಸಿಡಿತಲೆಗಳನ್ನು ತಯಾರಿಸಿಟ್ಟಿತ್ತು, 1991ರ ಯುದ್ಧದ ನಂತರ ವಿಶ್ವಸಂಸ್ಥೆಯ ಪರಿಶೀಲಕರು ಅವನ್ನು ನಾಶ ಮಾಡಿಸಿದರು. ಅಣುಬಾಂಬ್ ಕೈಗೆಟುಕದ ದೇಶಗಳು ಇದನ್ನು ಅದರ ಬದಲಿಯೆಂದು ಭಾವಿಸಿದ ಕಾಲವೊಂದಿತ್ತು. ಇಂದು ಈ ಕಾರಣದ ತೂಕ ಬಹಳ ಇಳಿದಿದೆ.

ಚೌಕಾಶಿಗೂ ಕ್ಷಿಪಣಿ ಬಳಕೆಯಾಗಿದೆ. ಉತ್ತರ ಕೊರಿಯಾ ಮೊದಲ ಅಣು ಪರೀಕ್ಷೆ ನಡೆಸಿದ್ದು 2006ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1998ರ ಆಗಸ್ಟ್‌ನಲ್ಲಿ, ಜಪಾನಿನ ಮೇಲಿಂದ ಒಂದು ರಾಕೆಟ್ ಹಾರಿಸಿ ಜಗತ್ತನ್ನೇ ಬೆಚ್ಚಿಬೀಳಿಸಿತ್ತು. ಅದರ ಫಲವಾಗಿ ನಡೆದ ಮಾತುಕತೆಗಳು 2000ದ ಅಕ್ಟೋಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮೆಡಲೀನ್ ಆಲ್‌ಬ್ರೈಟ್ ಅವರನ್ನೇ ಪ್ಯೊಂಗ್ಯಾಂಗ್‌ಗೆ ಕರೆತಂದವು. ಜೊತೆಗೆ ಇರಾನ್, ಸಿರಿಯಾ, ಯೆಮನ್ ಮೊದಲಾದ ದೇಶಗಳಿಗೆ ಕ್ಷಿಪಣಿ ಮಾರಿ ವಿದೇಶಿ ಹಣವನ್ನೂ ಅದು ಗಳಿಸಿತು. ಅರ್ಜೆಂಟೀನಾ, ಈಜಿಪ್ಟ್ ಮತ್ತು ಇರಾಕ್ ಜೊತೆಗೂಡಿ ಕೈಗೊಂಡಿದ್ದ ಸುಮಾರು 1,000 ಕಿಲೋಮೀಟರ್ ವ್ಯಾಪ್ತಿಯ ಕೊಂಡೊರ್ ಯೋಜನೆಯನ್ನು 1990ರ ದಶಕದ ಆರಂಭದಲ್ಲಿ ಕೈಬಿಟ್ಟಿತು. ಅಮೆರಿಕದೊಂದಿಗಿನ ಸಂಬಂಧ ಸುಧಾರಿಸಿಕೊಳ್ಳಲು ತೆತ್ತ ಬೆಲೆ ಅದು.

ಬಾಹ್ಯಾಕಾಶ ಕಾರ್ಯಕ್ರಮ ಎಂಬ ಸಮಜಾಯಿಷಿಯನ್ನು ಎಷ್ಟು ನಂಬಬೇಕು? ಎಂಜಿನ್, ಹಂತ ಬೇರ್ಪಡಿಸುವಿಕೆ, ಮಾರ್ಗದರ್ಶನ ವ್ಯವಸ್ಥೆ ಉಪಗ್ರಹ ಹಾರಿಸುವ ರಾಕೆಟ್ಟಿಗೂ ಕ್ಷಿಪಣಿಗೂ ಒಂದೇ. ಉಪಗ್ರಹ ಉಡಾವಣೆಯಲ್ಲಿ ಕಲಿಯಲಾಗದ ಪಾಠವೊಂದಿದೆ: ಸಿಡಿತಲೆ ವಾತಾವರಣಕ್ಕೆ ಮರಳುವಾಗ ಹುಟ್ಟುವ ಉರಿಯನ್ನು ತಾಳಿಕೊಳ್ಳುವುದು. ಹಾಗಾಗಿ ಉಡಾವಣಾ ವಾಹನ ಕಂಡ ಕೂಡಲೇ ಕ್ಷಿಪಣಿ ಎಂದು ಕೂಗುವುದು ತಪ್ಪು, ಅವೆರಡಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ತಪ್ಪು. ಭಾರತ 1980ರ ಜುಲೈನಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ರ ಮೊದಲ ಹಂತವೇ 1989ರ ಮೇ 22ರಂದು ಹಾರಿದ ಅಗ್ನಿಯ ಮೊದಲ ಹಂತಕ್ಕೆ ಆಧಾರವಾಯಿತು.

ಅಗ್ನಿಯ ಮಾತು ಬಂದದ್ದರಿಂದ ಟಿ.ವಿ. ವಾದದ ಬಲವಾದ ಭಾಗವನ್ನು ಒಪ್ಪಿಕೊಳ್ಳಲೇಬೇಕು. ಭಾರತ ಅಂದು ಅಗ್ನಿಯನ್ನು ತಂತ್ರಜ್ಞಾನದ ಪ್ರದರ್ಶನ ಮಾತ್ರ ಎಂದು ಕರೆದಿತ್ತು. 1974ರ ಅಣು ಸ್ಫೋಟ ಶಾಂತಿಯುತ ಉದ್ದೇಶದ್ದು ಎಂಬುದೂ ಅಂದಿನ ಅಧಿಕೃತ ನಿಲುವು. 1998ರಲ್ಲಿ ಪರೀಕ್ಷೆ ನಡೆಸಿ ಅಣ್ವಸ್ತ್ರ ರಾಷ್ಟ್ರ ಎಂದು ಘೋಷಿಸಿಕೊಂಡಾಗ ಅಗ್ನಿಯ ಪಾತ್ರದ ಬಗ್ಗೆ ಯಾರಿಗೂ ಸಂದೇಹ ಉಳಿಯಲಿಲ್ಲ. ಉತ್ತರ ಕೊರಿಯಾ ನೊಡಾಂಗ್ ಪರೀಕ್ಷಿಸಿದ್ದು 1993ರಲ್ಲಿ, ಬಾಂಬ್ ಪರೀಕ್ಷಿಸಿದ್ದು ಹದಿಮೂರು ವರ್ಷಗಳ ಬಳಿಕ. ದೂರಗಾಮಿ ಕ್ಷಿಪಣಿಯನ್ನು ಪಳಗಿಸಲು ಒಂದು ದಶಕವಾದರೂ ಬೇಕು. ಅದನ್ನು ಮೊದಲೇ ಮುಗಿಸಿಟ್ಟುಕೊಂಡ ದೇಶಕ್ಕೆ ಬಾಂಬ್ ಮಾಡುವ ನಿರ್ಧಾರ ಕೈಗೊಂಡ ದಿನ ದಾರಿ ಅರ್ಧಕ್ಕರ್ಧ ಸವೆದಿರುತ್ತದೆ. ನಾಳೆಗೆ ಬೇಕಾದೀತು ಎಂದು ಬಾಗಿಲನ್ನು ತೆರೆದಿಡುವ ಈ ನಡೆ ಅನೇಕ ರಾಜಧಾನಿಗಳಲ್ಲಿ ಇದೆ. ಅದನ್ನು ಬಾಯಿಬಿಟ್ಟು ಹೇಳುವವರು ಇಲ್ಲ. ದಕ್ಷಿಣ ಕೊರಿಯಾದಲ್ಲೂ ಸ್ವಂತ ಅಣ್ವಸ್ತ್ರ ಬೇಕೆನ್ನುವವರೇ ಬಹುಸಂಖ್ಯಾತರು ಎಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ಹಾಗಾದರೆ ಹೊರಗಿನವರು ಉದ್ದೇಶವನ್ನು ಗುರುತಿಸುವುದು ಹೇಗೆ? ಹಣ ಎಲ್ಲಿ ಹರಿಯುತ್ತಿದೆ ಎಂದು ನೋಡಬೇಕು. ಗುರಿಯ ಸಮೀಪ ದಿಕ್ಕು ತಿದ್ದಿಕೊಳ್ಳುವ ರೆಕ್ಕೆಗಳು, ಉಪಗ್ರಹ ಮಾರ್ಗದರ್ಶನ, ಏಕಕಾಲಕ್ಕೆ ಹತ್ತಾರು ಕ್ಷಿಪಣಿ ಹಾರಿಸುವ ಅಭ್ಯಾಸ, ನೂರಾರು ಸಂಖ್ಯೆಯಲ್ಲಿ ಉತ್ಪಾದನೆ: ಇವೆಲ್ಲ ಸಾಂಪ್ರದಾಯಿಕ ಸಿಡಿತಲೆಯೊಂದಿಗೇ ಯುದ್ಧ ಮಾಡುವ ಯೋಚನೆಯ ಗುರುತುಗಳು. ಅಣ್ವಸ್ತ್ರಕ್ಕೆ ಇಷ್ಟೊಂದು ನಿಖರತೆಯೂ ಬೇಡ, ಇಷ್ಟೊಂದು ಸಂಖ್ಯೆಯೂ ಬೇಡ. ನಿಖರತೆ ಕಳಪೆಯಾಗಿಯೇ ಉಳಿದು ವ್ಯಾಪ್ತಿ ಮಾತ್ರ ಏರುತ್ತಾ ಹೋದರೆ ಅನುಮಾನ ಪಡಬೇಕು. ಇರಾನ್ ಕಳೆದ ಎರಡು ದಶಕಗಳಲ್ಲಿ ಹಣ ಸುರಿದದ್ದು ಹೆಚ್ಚಾಗಿ ನಿಖರತೆಗೆ, ವ್ಯಾಪ್ತಿಗೆ 2,000 ಕಿಲೋಮೀಟರ್ ಎಂಬ ಮಿತಿಯನ್ನು ತಾನೇ ಹಾಕಿಕೊಂಡಿತ್ತು. 2020ರ ಜನವರಿ 8ರಂದು ಇರಾಕಿನ ಐನ್ ಅಲ್ ಅಸದ್ ನೆಲೆಯ ಮೇಲೆ ಅದು ನಡೆಸಿದ ದಾಳಿಯ ಉಪಗ್ರಹ ಚಿತ್ರಗಳಲ್ಲಿ ಪ್ರತ್ಯೇಕ ಕಟ್ಟಡಗಳಿಗೇ ಪೆಟ್ಟು ಬಿದ್ದದ್ದು ಕಂಡಿತು. ಮೊದಲೇ ಎಚ್ಚರಿಕೆ ಸಿಕ್ಕಿದ್ದರಿಂದ ಯಾರೂ ಸಾಯಲಿಲ್ಲ, ಆದರೆ ನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿಗೆ ಮಿದುಳಿನ ಆಘಾತವಾಗಿತ್ತು. ಅಂದಿನಿಂದ ಸಾಂಪ್ರದಾಯಿಕ ಕ್ಷಿಪಣಿ ನಿಷ್ಪ್ರಯೋಜಕ ಎನ್ನುವವರ ದನಿ ತಗ್ಗಿದೆ.

ಇನ್ನೊಂದು ಗುರುತು ಕ್ಷಿಪಣಿಯಿಂದ ಬಹಳ ದೂರದಲ್ಲಿ, ಯುರೇನಿಯಂ ಸಂಸ್ಕರಣಾ ಘಟಕದಲ್ಲಿ ಸಿಗುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪರಿಶೀಲಕರಿಗೆ ಬಾಗಿಲು ತೆರೆದಿರುವ ದೇಶದ ಕ್ಷಿಪಣಿ ಹೆಚ್ಚು ದಿಗಿಲು ಹುಟ್ಟಿಸುವುದಿಲ್ಲ. ಶೇ 60ರವರೆಗೆ ಯುರೇನಿಯಂ ಸಂವರ್ಧನೆ (ಬಾಂಬಿಗೆ ಬೇಕಾದ ಬಗೆಯ ಯುರೇನಿಯಂನ ಪಾಲನ್ನು ಹೆಚ್ಚಿಸುವ ಕೆಲಸ) ಮಾಡಿದ ದೇಶ ತನ್ನ ಕ್ಷಿಪಣಿಗಳು ಸಾಂಪ್ರದಾಯಿಕ ಎಂದರೆ ನೆರೆಯವರು ನಂಬುವುದಿಲ್ಲ. ಸಂವರ್ಧನೆಯನ್ನು 2021ರಲ್ಲಿ ಆ ಮಟ್ಟಕ್ಕೆ ಏರಿಸಿದ್ದರಿಂದ ಇರಾನ್ ತನ್ನ ಕ್ಷಿಪಣಿಗಳ ಪರವಾದ ತನ್ನದೇ ವಾದವನ್ನು ದುರ್ಬಲಗೊಳಿಸಿಕೊಂಡಿತು ಎಂದು ನಾನು ನಂಬುತ್ತೇನೆ.

ಈ ಆಯುಧ ಶತ್ರುವನ್ನು ನಿಜಕ್ಕೂ ತಡೆಯುತ್ತದೆಯೇ? 2025ರ ಜೂನ್ ಅದಕ್ಕೆ ಕಹಿ ಉತ್ತರ ಕೊಟ್ಟಿತು. ಇರಾನಿನ ಬಳಿ ಪಶ್ಚಿಮ ಏಷ್ಯಾದ ಅತಿ ದೊಡ್ಡ ಕ್ಷಿಪಣಿ ಸಂಗ್ರಹವಿದ್ದರೂ ಇಸ್ರೇಲ್ ಜೂನ್ 13ರಂದು ದಾಳಿ ಮಾಡಿತು, ಜೂನ್ 22ರಂದು ಅಮೆರಿಕವೂ ಸೇರಿಕೊಂಡಿತು. ಇರಾನ್ ಹನ್ನೆರಡು ದಿನಗಳಲ್ಲಿ 500ಕ್ಕೂ ಹೆಚ್ಚು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಹಾರಿಸಿತು. ಹೆಚ್ಚಿನವನ್ನು ಇಸ್ರೇಲ್ ಮತ್ತು ಅಮೆರಿಕ ತಡೆದವು. ತೂರಿ ಬಂದವುಗಳಿಂದ ಹೈಫಾದ ತೈಲ ಸಂಸ್ಕರಣಾಗಾರ ಸ್ಥಗಿತಗೊಂಡಿತು, ವಸತಿ ಕಟ್ಟಡಗಳು ಉರುಳಿ ಎರಡು ಡಜನ್‌ಗೂ ಹೆಚ್ಚು ಜನ ಸತ್ತರು. ಇಸ್ರೇಲಿ ದಾಳಿಗಳಲ್ಲಿ ಇರಾನಿನಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎರಡೂ ಕಡೆ ಸತ್ತವರಲ್ಲಿ ಮಕ್ಕಳಿದ್ದರು. ಸಾಂಪ್ರದಾಯಿಕ ಕ್ಷಿಪಣಿ ಶತ್ರುವಿಗೆ ನೋವು ಕೊಡಬಲ್ಲದು, ಅವನು ಯುದ್ಧಕ್ಕೆ ಇಳಿಯದಂತೆ ಹೆದರಿಸಲು ಆ ನೋವು ಸಾಲದೆ ಹೋಗಬಹುದು. ಇದನ್ನು ಕಂಡ ಮೇಲೆ ಬಾಂಬೇ ಬೇಕೆನ್ನುವವರ ಕೈ ಎಲ್ಲ ಕಡೆ ಬಲವಾಗುತ್ತದೆ ಎಂಬುದೇ ನನ್ನ ದೊಡ್ಡ ಕಳವಳ.

ಇದುವರೆಗೆ ಹೇಳಿದ್ದೆಲ್ಲ ಹೆಚ್ಚುಕಡಿಮೆ 3,000 ಕಿಲೋಮೀಟರ್ ಒಳಗಿನ ಕ್ಷಿಪಣಿಗಳಿಗೆ ಅನ್ವಯಿಸುತ್ತದೆ. 5,500 ಕಿಲೋಮೀಟರ್ ದಾಟಿದ ಖಂಡಾಂತರ ಕ್ಷಿಪಣಿಗಳ ವಿಚಾರದಲ್ಲಿ ಟಿ.ವಿ. ವಾದವನ್ನು ನಾನು ಒಪ್ಪುತ್ತೇನೆ. 10,000 ಕಿಲೋಮೀಟರ್ ಹೋಗುವ ಸಿಡಿತಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಮರಳುತ್ತದೆ. ಅದಕ್ಕೆ ಬೇಕಾದ ಉಷ್ಣಕವಚ, ಬೃಹತ್ ರಾಕೆಟ್, ಪರೀಕ್ಷೆಗೆ ಬೇಕಾದ ಸಾಗರ ವಿಸ್ತಾರ ಎಲ್ಲವೂ ದುಬಾರಿ. ಅಷ್ಟೆಲ್ಲ ಮಾಡಿ ತಲುಪಿಸುವುದು ಒಂದು ಟನ್ ಸಾಮಾನ್ಯ ಸ್ಫೋಟಕವನ್ನು ಎಂದರೆ ಯಾವ ಸೇನಾ ಲೆಕ್ಕವೂ ಕೂಡುವುದಿಲ್ಲ. ಇಂದು ಖಂಡಾಂತರ ಕ್ಷಿಪಣಿ ಇರುವ ದೇಶಗಳೆಲ್ಲವೂ ಅಣ್ವಸ್ತ್ರ ಹೊಂದಿದವೇ. 2024ರ ನವೆಂಬರ್ 21ರಂದು ರಷ್ಯಾ ಉಕ್ರೇನಿನ ನಿಪ್ರೋ ನಗರದ ಕಾರ್ಖಾನೆಯೊಂದರತ್ತ ಒರೆಶ್ನಿಕ್ ಎಂಬ ಮಧ್ಯಮ ದೂರದ ಕ್ಷಿಪಣಿಯನ್ನು ಅಣ್ವಸ್ತ್ರವಿಲ್ಲದೆ ಹಾರಿಸಿತು. ಆದ ಹಾನಿ ಅಲ್ಪ. ಅದು ರಾಜಕೀಯ ಸಂದೇಶ, ಹಿಂದೆ ರಷ್ಯಾದ ಅಣ್ವಸ್ತ್ರಗಳು ನಿಂತಿರುವುದರಿಂದಲೇ ಆ ಸಂದೇಶಕ್ಕೆ ತೂಕ.

ದೂರ ಹೆಚ್ಚಿದಂತೆ ಅಪಾಯವೂ ಬೇರೆ ರೂಪ ಪಡೆಯುತ್ತದೆ. ಹಾರಿಬರುವ ಕ್ಷಿಪಣಿಯ ಮೂತಿಯಲ್ಲಿ ಏನಿದೆ ಎಂದು ರೇಡಾರ್ ಹೇಳಲಾರದು. 1995ರ ಜನವರಿ 25ರಂದು ನಾರ್ವೆಯಿಂದ ಹಾರಿದ ವೈಜ್ಞಾನಿಕ ರಾಕೆಟ್ ಒಂದನ್ನು ಕಂಡು ರಷ್ಯಾದ ಎಚ್ಚರಿಕೆ ವ್ಯವಸ್ಥೆ ಗಾಬರಿಗೊಂಡಿತು, ಅಧ್ಯಕ್ಷ ಯೆಲ್ಸಿನ್ ಅವರ ಮುಂದೆ ಅಣ್ವಸ್ತ್ರ ಸಂಕೇತಗಳ ಪೆಟ್ಟಿಗೆ ತೆರೆಯಿತು. ಜಲಾಂತರ್ಗಾಮಿಯ ಟ್ರೈಡೆಂಟ್ ಕ್ಷಿಪಣಿಗಳಲ್ಲಿ ಕೆಲವಕ್ಕೆ ಸಾಂಪ್ರದಾಯಿಕ ಸಿಡಿತಲೆ ಜೋಡಿಸಲು ಅಮೆರಿಕದ ರಕ್ಷಣಾ ಇಲಾಖೆ ಹಣ ಕೇಳಿದಾಗ ಅಲ್ಲಿನ ಸಂಸತ್ತು ಇದೇ ಗೊಂದಲಕ್ಕೆ ಹೆದರಿ ನಿರಾಕರಿಸಿತು.

ಕಾನೂನಿನ ಬಗ್ಗೆ ಕೇಳಿದ್ದೀರಿ. ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಎಲ್ಲ ದೇಶಗಳಿಗೂ ನಿಷೇಧಿಸುವ ಒಪ್ಪಂದ ಇಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪೀಠಿಕೆ ಅಣ್ವಸ್ತ್ರ ಸಾಗಿಸುವ ಸಾಧನಗಳನ್ನು ಹೆಸರಿಸುತ್ತದೆ, ಅದರ ವಿಧಿಗಳು ಕ್ಷಿಪಣಿಯನ್ನು ಮುಟ್ಟುವುದಿಲ್ಲ. 1987ರಲ್ಲಿ ಏಳು ಶ್ರೀಮಂತ ದೇಶಗಳು ಸ್ಥಾಪಿಸಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆ 500 ಕಿಲೋ ತೂಕವನ್ನು 300 ಕಿಲೋಮೀಟರ್ ಆಚೆ ಒಯ್ಯಬಲ್ಲ ಕ್ಷಿಪಣಿಗಳ ಮಾರಾಟವನ್ನು ಬಿಗಿಗೊಳಿಸಿತು. 2016ರಿಂದ ಭಾರತವೂ ಅದರಲ್ಲಿದೆ. ಅದು ಸ್ವಯಂಪ್ರೇರಿತ ಹೊಂದಾಣಿಕೆ. ಮಾರಾಟಕ್ಕೆ ತಡೆ ಹಾಕುತ್ತದೆ, ಸ್ವಂತವಾಗಿ ತಯಾರಿಸುವವರನ್ನು ಕೇಳುವುದಿಲ್ಲ. 2002ರ ಹೇಗ್ ನೀತಿಸಂಹಿತೆ ಸದಸ್ಯ ದೇಶಗಳಿಂದ ಉಡಾವಣೆಯ ಮುನ್ಸೂಚನೆಯನ್ನು ನಿರೀಕ್ಷಿಸುತ್ತದೆ, ಅಷ್ಟೆ. ನಿಜವಾಗಿ ಕಟ್ಟುನಿಟ್ಟಾದ ಮಿತಿ ಜಾರಿಯಾದದ್ದು ಸೋತ ಇರಾಕಿನ ಮೇಲೆ. 1991ರ ಭದ್ರತಾ ಮಂಡಳಿಯ ನಿರ್ಣಯ 687 ಅದಕ್ಕೆ 150 ಕಿಲೋಮೀಟರ್ ಗೆರೆ ಹಾಕಿತು. 2003ರಲ್ಲಿ ಅಲ್ ಸಮೂದ್-2 ಆ ಗೆರೆಯನ್ನು ದಾಟುತ್ತದೆ ಎಂದು ಪರಿಶೀಲಕರು ತೀರ್ಮಾನಿಸಿದಾಗ ಇರಾಕ್ ಅವರ ಕಣ್ಣೆದುರೇ ಅವುಗಳನ್ನು ಒಡೆಯತೊಡಗಿತು. ಆ ಕೆಲಸ ಮುಗಿಯುವ ಮೊದಲೇ, ಮಾರ್ಚ್ 20ರಂದು, ಅಮೆರಿಕ ನೇತೃತ್ವದ ಆಕ್ರಮಣ ಆರಂಭವಾಯಿತು. ತಮ್ಮ ಕ್ಷಿಪಣಿಗಳ ಮೇಲೆ ಮಿತಿ ಒಪ್ಪಿಕೊಳ್ಳಿ ಎಂದು ಯಾವ ದೇಶದ ಮುಂದೆ ಕೂತು ಮಾತನಾಡಿದರೂ, ಎದುರು ಕೂತವರು ಆ ಮಾರ್ಚ್ ತಿಂಗಳನ್ನು ಎತ್ತಿ ಮಾತನಾಡುವುದು ಖಂಡಿತ.